ಎರೆಮಣ್ಣನ್ನು ನಂಬಬೇಡಿ

ಹಿನ್ನೀರಿನ ದಂಡೆಯಲ್ಲಿ ಒಣಗಿ ಬಿರುಕು ಬಿಟ್ಟ ನೆಲ ಕಂಡರೆ, ದಯವಿಟ್ಟು ಅದರ ಮೇಲೆ ಗಾಡಿ ಒಯ್ಯಬೇಡಿ. ಮೇಲೆ ಹಪ್ಪಳ, ಕೆಳಗೆ ಹಿಟ್ಟು. ಸಂಕ್ರಾಂತಿ ಮರುದಿನ ಕೊಲ್ಹಾರದ ಹತ್ತಿರ, ಆಲಮಟ್ಟಿ ಹಿನ್ನೀರಿನಲ್ಲಿ, ನನ್ನ ಈಕೋ ವ್ಯಾನಿನ ಹಿಂದಿನ ಚಕ್ರ ಅರ್ಧಕ್ಕೆ ಹೂತದ್ದು ಹೀಗೆಯೇ.

ನೀರಿನ ದಂಡೆಯಲ್ಲಿ ಗಾಡಿಯೊಳಗೇ ರಾತ್ರಿ ಕಳೆಯುವ ಈ ಹುಚ್ಚು ಹತ್ತಿದ್ದು ಅಮೆರಿಕದಲ್ಲಿ. ಹೋದ ವರ್ಷ ಮಾರ್ಚಿನಲ್ಲಿ ಫೀನಿಕ್ಸ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವರು ಒಂದು ಆರ್‌ವಿ ಬಾಡಿಗೆಗೆ ತಂದರು. ಆರ್‌ವಿ ಅಂದರೆ ಅಡುಗೆಮನೆ, ಹಾಸಿಗೆ, ಸಂಡಾಸ ಎಲ್ಲ ಒಳಗೇ ಇರುವ ಗಾಡಿ. ಅದರಲ್ಲಿ ಲೇಕ್ ಪ್ಲೆಸೆಂಟ್ ಅನ್ನೋ ಜಲಾಶಯಕ್ಕೆ ಕರೆದುಕೊಂಡು ಹೋದರು. ಸುತ್ತ ಬರೀ ಮರುಭೂಮಿ, ಎರಡು ಮೂರು ಆಳೆತ್ತರದ ಸಗ್ವಾರೊ ಕಳ್ಳಿ, ಗುಡ್ಡದ ಮೇಲೆ ಕಾಡು ಕತ್ತೆಗಳು, ನಡುವೆ ನೀಲಿ ನೀರು. ಪ್ರತಿ ಗಾಡಿಗೂ ನಂಬರ್ ಹಾಕಿದ ಜಾಗ, ಅಲ್ಲೇ ಕರೆಂಟು, ಅಲ್ಲೇ ನಲ್ಲಿ. ಬೋಟು ಇಳಿಸಲು ಕಾಂಕ್ರೀಟಿನ ಇಳಿಜಾರು. ಗಾಳ ಹಾಕಬೇಕಾದರೆ ಲೈಸೆನ್ಸ್ ಬೇಕು, ತಂಗಿಯ ಗಂಡ ಮೊಬೈಲಿನಲ್ಲೇ ತೆಗೆಸಿಕೊಟ್ಟ. ಎರಡು ದಿನ ಕೂತರೂ ನನಗೆ ಒಂದು ಮೀನೂ ಬೀಳಲಿಲ್ಲ, ಅದು ಬೇರೆ ಮಾತು.

ನನಗೆ ತಲೆಯಲ್ಲಿ ಕೂತಿದ್ದು ಆ ನೀರಿನ ಕಥೆ. ಅದು ಹೆಚ್ಚಿನಂಶ ಅಲ್ಲಿನ ಮಳೆ ನೀರಲ್ಲ. ದೂರದ ಕೊಲೊರಾಡೊ ನದಿಯಿಂದ ಕಾಲುವೆಯಲ್ಲಿ ಮರುಭೂಮಿ ದಾಟಿಸಿ ತರುತ್ತಾರೆ. ಆ ಕಾಲುವೆ ಒಟ್ಟು ಸುಮಾರು 540 ಕಿ.ಮೀ. ಉದ್ದ. ಚಳಿಗಾಲದಲ್ಲಿ ಪಂಪ್ ಹೊಡೆದು ಕೆರೆ ತುಂಬಿಸಿಕೊಳ್ಳುವುದು, ಬೇಸಿಗೆಯಲ್ಲಿ ಊರಿಗೂ ಹೊಲಕ್ಕೂ ಬಿಡುವುದು. 1994ರಲ್ಲಿ ಹೊಸ ಅಣೆಕಟ್ಟು ಆದ ಮೇಲೆ ಈ ಲೆಕ್ಕ. ಇದನ್ನು ಕೇಳಿದ ತಕ್ಷಣ ನಮ್ಮದೇ ಕಥೆ ಅನಿಸಿತು. ನಮ್ಮಲ್ಲೂ ಹಾಗೇ ಅಲ್ವಾ? ಹೊಲದಲ್ಲಿ ತೊಗರಿ ಬಾಡುತ್ತಿರುತ್ತದೆ, ಆಕಾಶದಲ್ಲಿ ಮೋಡದ ಸುಳಿವಿಲ್ಲ, ಟಿವಿಯಲ್ಲಿ ನೋಡಿದರೆ ಆಲಮಟ್ಟಿಯ 26 ಗೇಟು ತೆರೆದ ಸುದ್ದಿ. ಮಳೆ ಹೊಡೆದದ್ದು ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ಕಡೆ, ಡ್ಯಾಮ್ ತುಂಬಿದ್ದು ಬರದ ನಾಡಿನಲ್ಲಿ. ನೀರಿನ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್ ಮುಟ್ಟಿ ಡ್ಯಾಮ್ ತುಂಬಿದಾಗ 123 ಟಿಎಂಸಿ ನೀರು. ಅದರೊಳಗೆ ಎಷ್ಟು ಊರು, ಎಷ್ಟು ಓಣಿ ಇವೆ ಅಂತ ಹಳೆ ಬಾಗಲಕೋಟೆಯವರನ್ನು ಕೇಳಬೇಕು. ನಮ್ಮ ಅವ್ವನ ತವರುಮನೆಯೂ ಅಲ್ಲೇ ಹೋಯಿತು.

ಸರಿ, ಇಲ್ಲೂ ಒಂದು ರಾತ್ರಿ ಹಾಗೆ ಇದ್ದು ನೋಡೋಣ ಅಂತ ವ್ಯಾನಿನ ಹಿಂದಿನ ಸೀಟು ಕಿತ್ತು, ಪ್ಲೈವುಡ್ ಹಲಗೆ ಕೂರಿಸಿ, ಗಾದಿ ಹಾಸಿದೆ. ಸಣ್ಣ ಸಿಲಿಂಡರ್, 20 ಲೀಟರ್ ನೀರಿನ ಕ್ಯಾನ್, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಜೊತೆಗೆ ಕಾಕಾನ ಮಗ. ಕೊಲ್ಹಾರದಲ್ಲಿ ಮಣ್ಣಿನ ಗಡಿಗೆಯ ಮೊಸರು ತಗೊಂಡೆವು. ಗಡಿಗೆ ಬೋರಲು ಹಾಕಿದರೂ ಬೀಳದ ಮೊಸರು ಅದು, ಅದಕ್ಕಾಗಿಯೇ ಗಾಡಿ ತಿರುಗಿಸಬಹುದು.

ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರನ್ನು ಕೇಳಿಯೇ ಇಳಿದೆವು. ಕೇಳದೆ ಗಾಳ ಹಾಕುವುದು ಸರಿಯಲ್ಲ, ಅದು ಅವರ ಹೊಟ್ಟೆಪಾಡು. ಅವರು ನಮ್ಮ ಅಂಗಡಿಯ ಹೊಳೆಯುವ ಗಾಳ ನೋಡಿ ನಕ್ಕರು. ಒಂದು ನವಿಲುಗರಿಯ ಕಡ್ಡಿ ಕತ್ತರಿಸಿ ದಾರಕ್ಕೆ ಕಟ್ಟಿ, ಮುಳ್ಳಿಗೆ ಗೋಧಿ ಹಿಟ್ಟಿನ ಗುಳಿಗೆ ಒತ್ತಿಕೊಟ್ಟರು. ಕಡ್ಡಿ ನೀರಲ್ಲಿ ನೆಟ್ಟಗೆ ನಿಂತಿತ್ತು. ಒಂದು ಸಲ ಸಣ್ಣಗೆ ನಡುಗಿತು, ಸುಮ್ನಾಯಿತು. ಎಳೆಯಲು ಹೋದೆ. "ತಡೀರಿ, ಇನ್ನಾ ಮೂಸಾಕತ್ತೈತಿ" ಅಂದರು. ಎರಡನೇ ಸಲ ಕಡ್ಡಿ ಅಡ್ಡಬಿದ್ದು ಸರಕ್ಕನೆ ಒಳಗೆ ಹೋಯಿತು. ಅಂಗೈಯಗಲದ ಜಿಲೇಬಿ ಮೀನು! ಅಮೆರಿಕದ ಎರಡು ದಿನದ ಸಿಟ್ಟು ಅಲ್ಲೇ ಇಳಿಯಿತು.

ಸಂಜೆ ಅವರ ಹರಿಗೋಲಿನಲ್ಲಿ ಒಂದು ಸುತ್ತು ಹಾಕಿದೆವು. ಒಂದೇ ಹುಟ್ಟು, ಬುಟ್ಟಿಯಂಥ ದೋಣಿ. ನಾನು ಹುಟ್ಟು ಹಾಕಿದರೆ ಅದು ಮುಂದಕ್ಕೆ ಹೋಗದೆ ಗಿರಗಿರ ತಿರುಗಿತು. ಲೈಫ್ ಜಾಕೆಟ್ ನಾವೇ ಒಯ್ದಿದ್ದೆವು, ನೀವೂ ಒಯ್ಯಿರಿ.

"ಗಾಡಿ ಮ್ಯಾಲೆ ಗರಸಿನಾಗ ನಿಲ್ಲಸ್ರಿ ಅಣ್ಣಾರ, ಕೆಳಗ ಎರಿ ಐತಿ" ಅಂತ ಅವರು ಮೊದಲೇ ಹೇಳಿದ್ದರು. ಗರಸು ಅಂದರೆ ಕಲ್ಲು ಬೆರೆತ ಗಟ್ಟಿ ನೆಲ, ಎರಿ ಅಂದರೆ ಎರೆಮಣ್ಣು. ರಾತ್ರಿ ಗರಸಿನ ಮೇಲೇ ನಿಲ್ಲಿಸಿದೆವು ಕೂಡ. ಮಲಗುವ ಮುಂಚೆ ನೀರಂಚಿಗೆ ಒಂದು ಜಾಲಿ ಕಡ್ಡಿ ನೆಟ್ಟಿದ್ದೆ. ಬೆಳಿಗ್ಗೆ ಎದ್ದರೆ ನೀರು ಅದರಿಂದ ಎರಡು ಹೆಜ್ಜೆ ಹಿಂದೆ. ಕಾಲುವೆಗೆ ನೀರು ಬಿಡುತ್ತಿರುವಾಗ ದಂಡೆ ದಿನವೂ ಹೀಗೆ ಸರಿಯುತ್ತದೆ. ಅಂದರೆ ಇವತ್ತು ಬಿರುಕು ಬಿಟ್ಟ ನೆಲ ಎರಡು ವಾರದ ಹಿಂದೆ ನೀರೊಳಗೇ ಇತ್ತು. ಅಷ್ಟೆಲ್ಲ ಕಣ್ಣಾರೆ ನೋಡಿದ ಮೇಲೂ, ಬಾಗಿಲು ತೆರೆದರೆ ನೀರು ಕಾಣುವಂಥ ಒಂದು ಫೋಟೋ ಬೇಕು ಅಂತ ಗಾಡಿಯನ್ನು ಕೆಳಗಿಳಿಸಿದ್ದು ನಾನೇ. ಯಾರನ್ನು ಬೈಯಲಿ?

ಆಕ್ಸಲರೇಟರ್ ಒತ್ತಿದಷ್ಟೂ ಚಕ್ರ ಕೆಳಗೆ. ಜೋಳದ ಕಣಿಕೆ ಒಟ್ಟಿದೆವು, ಕಲ್ಲು ಹಾಕಿದೆವು, ಎಲ್ಲವನ್ನೂ ಮಣ್ಣು ನುಂಗಿತು. ಚಪ್ಪಲಿಗೆ ಮೆತ್ತಿ ಮೆತ್ತಿ ಒಂದೊಂದು ಕಾಲು ಎರಡೆರಡು ಕಿಲೋ. ಒಂಬತ್ತರ ಹೊತ್ತಿಗೆ ಮೇಲಿನ ಹೊಲದಿಂದ ಒಬ್ಬ ಹುಡುಗ ಟ್ರ್ಯಾಕ್ಟರ್ ತಂದು, ತಾನು ಗರಸಿನ ಮೇಲೆಯೇ ನಿಂತು, ಉದ್ದ ಹಗ್ಗ ಕಟ್ಟಿ ಒಂದೇ ಎಳೆತಕ್ಕೆ ಹೊರಗೆಳೆದ. ದುಡ್ಡು ಬೇಡ ಅಂದ. ಆಮೇಲೆ ವ್ಯಾನಿನೊಳಗೆ ಇಣುಕಿ ಗಾದಿ ಒತ್ತಿ ನೋಡಿದ, ಒಲೆ ನೋಡಿದ.

"ಎಲ್ಲಾ ಚೊಲೊ ಐತ್ರಿ. ಸಂಡಾಸ?"

ನಾನು ಆಚೆಯ ಜಾಲಿ ಕಂಟಿ ತೋರಿಸಿದೆ.

"ಅದು ನಮ್ಮ ಹೊಲ ರೀ ಅಣ್ಣಾರ."