ಕಣ್ಣು ಕಾಣದವನ ಕತ್ತಿಯನ್ನು ನಂಬುವುದು ಹೇಗೆ?

ಇಚಿ ಎಂಬ ಅಂಧ ಕತ್ತಿವೀರನ ಕಥೆ ಹೇಳುವ ಜಪಾನಿನ ಝಟೋಯಿಚಿ ಸಿನಿಮಾಗಳ ಮಾತು ತೆಗೆದರೆ ಸಾಕು, ಎಲ್ಲರೂ ಕೇಳುವುದು ಒಂದೇ: "ಕಣ್ಣು ಕಾಣದವನು ಅಷ್ಟು ಜನರನ್ನು ಕಡಿದು ಹಾಕ್ತಾನೆ ಅಂದ್ರೆ ನೀವು ಹೇಗೆ ನಂಬ್ತೀರಿ?" 1962ರ ಮೊದಲ ಚಿತ್ರ ನೋಡಿ, ಅದರಲ್ಲೂ ಶುರುವಿನ ಜೂಜಿನ ದೃಶ್ಯ ನೋಡಿ ಎನ್ನುತ್ತೇನೆ.

ಅಲೆಯುತ್ತಾ ಇಯೋಕಾ ಊರಿಗೆ ಬಂದ ಇಚಿ, ಅಲ್ಲಿನ ಪುಂಡರ ನಾಯಕ ಸುಕೆಗೊರೊನ ಆಳುಗಳ ಜೊತೆ ದಾಳದಾಟಕ್ಕೆ ಕೂರುತ್ತಾನೆ. ಎರಡು ದಾಳಗಳನ್ನು ಬಟ್ಟಲಲ್ಲಿ ಕುಲುಕಿ ಬೋರಲು ಹಾಕಬೇಕು; ಮೊತ್ತ ಸಮವೋ ಬೆಸವೋ ಎಂದು ಉಳಿದವರು ಹಣ ಕಟ್ಟಬೇಕು. ಇಚಿ ಬೋರಲು ಹಾಕಿದಾಗ ದಾಳಗಳು ಬಟ್ಟಲಿನ ಹೊರಗೇ ಬೀಳುತ್ತವೆ. ಇವನಿಗೆಲ್ಲಿ ಕಾಣಬೇಕು ಎಂದು ಆಳುಗಳು ಕಣ್ಣಸನ್ನೆ ಮಾಡಿಕೊಂಡು, ಕಂಡ ಸಂಖ್ಯೆಯ ಮೇಲೆ ಹಣ ಸುರಿಯುತ್ತಾರೆ. ಆಗ ಅವನು, ಅಯ್ಯೋ, ಇವು ನನ್ನ ಅಂಗಿಯ ತೋಳಿನಿಂದ ಜಾರಿದವು ಎಂದು ಹೊರಗಿನವನ್ನು ಎತ್ತಿಕೊಂಡು ಬಟ್ಟಲು ತೆರೆಯುತ್ತಾನೆ. ಆಟದ ದಾಳಗಳು ಒಳಗಿವೆ!

ಕತ್ತಿಯ ವಿದ್ಯೆಯನ್ನು ನಾವು ನಂಬುವುದು ಇಲ್ಲಿಂದಲೇ. ಇಚಿ ಗೆಲ್ಲುವುದು ಪವಾಡದಿಂದಲ್ಲ. ಎದುರಿನವರು ತನ್ನನ್ನು ಎಷ್ಟು ಹಗುರವಾಗಿ ಕಾಣುತ್ತಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಅವನನ್ನು ಸಮುರಾಯ್, ಅಂದರೆ ಜಪಾನಿನ ಯೋಧವರ್ಗದವನು ಎಂದು ಕರೆಯುವವರಿದ್ದಾರೆ, ಅದು ಸರಿಯಲ್ಲ. ಮೈಕೈ ಒತ್ತಿ ಹೊಟ್ಟೆ ಹೊರೆಯುವವನು ಅವನು. ಆ ಕಾಲದ ಅಂಧರ ಸಂಘದ ಶ್ರೇಣಿಗಳಲ್ಲಿ 'ಝಟೋ' ಕೆಳಗಿನದು. ಸಮುರಾಯ್‌ಗಳಂತೆ ಸೊಂಟಕ್ಕೆ ಎರಡು ಕತ್ತಿ ಕಟ್ಟಿಕೊಳ್ಳುವ ಹಕ್ಕು ಅಂಥವರಿಗಿರಲಿಲ್ಲ. ಅವನ ಕತ್ತಿ ಊರುಗೋಲಿನೊಳಗೆ ಅಡಗಿದೆ.

ನಿರ್ದೇಶಕ ಕೆಂಜಿ ಮಿಸುಮಿ ಆ ಕತ್ತಿಯನ್ನು ಹೆಚ್ಚು ಹೊತ್ತು ಹೊರಗೆ ಎಳೆಯುವುದೇ ಇಲ್ಲ. ಇಚಿಯಾದ ಶಿಂತಾರೊ ಕಾತ್ಸು ತಲೆ ತಗ್ಗಿಸಿ, ಕಿವಿಯನ್ನು ಸದ್ದಿನ ಕಡೆ ವಾಲಿಸಿ ನಿಲ್ಲುತ್ತಾರೆ. ಅವರ ತಂದೆ ಸಂಗೀತಗಾರರಾಗಿದ್ದರು, ಸ್ವತಃ ಕಾತ್ಸುಗೂ ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯ ನುಡಿಸುವುದು ಗೊತ್ತಿತ್ತು. ಆ ಕಾಯುವಿಕೆ, ಆಮೇಲೆ ಒಮ್ಮೆಲೇ ಬೀಳುವ ಏಟು: ನನಗಂತೂ ಅದರಲ್ಲಿ ತಾಳ ಬಲ್ಲವನ ಮೈಯೇ ಕಾಣುತ್ತದೆ.

ಆದರೆ ಈ ಚಿತ್ರವನ್ನು ನಾನು ಇಷ್ಟು ಪ್ರೀತಿಸುವುದು ಹಿರಾತೆಗಾಗಿ. ಸುಕೆಗೊರೊನ ಎದುರು ಬಣದವರು ಬಾಡಿಗೆಗೆ ತಂದ, ಕ್ಷಯದಿಂದ ಸಾಯುತ್ತಿರುವ ಸಮುರಾಯ್ ಅವನು. ಗಾಳ ಹಾಕುತ್ತಾ ಕೂತ ಅವನಿಗೂ ಇಚಿಗೂ ಸ್ನೇಹ ಬೆಳೆಯುತ್ತದೆ. ರೋಗಕ್ಕಿಂತ ಇಚಿಯ ಕೈಯಲ್ಲಿ ಸಾಯುವುದೇ ಹಿರಾತೆಗೆ ಲೇಸು. ಸೇತುವೆಯ ಮೇಲೆ ಆ ಆಸೆ ಈಡೇರುತ್ತದೆ. ತನ್ನ ಊರುಗೋಲು ಕತ್ತಿಯನ್ನು ಗೆಳೆಯನ ಜೊತೆ ಹೂಳಲು ಕೊಡುತ್ತಾನೆ ಇಚಿ. ಬಣಗಳ ಕಾಳಗ ಗೆದ್ದೆವೆಂದು ಕುಣಿಯುವ ಸುಕೆಗೊರೊನ ಮೇಲೆ ಸಿಡಿದೇಳುತ್ತಾನೆ. ಆ ಸಿಟ್ಟನ್ನು ನೋಡಿದವರು ನಂಬಿಕೆಯ ಪ್ರಶ್ನೆಯನ್ನೇ ಮರೆಯುತ್ತಾರೆ.

ಕಾತ್ಸು ನಟಿಸಿದ ಚಿತ್ರಗಳು ಒಟ್ಟು 26. ತಕೇಶಿ ಕಿಟಾನೊ 2003ರಲ್ಲಿ ತೆಗೆದದ್ದು ಬೇರೆ. ಅದೂ ಸೊಗಸಾಗಿದೆ, ಆದರೆ ಆಮೇಲೆ ನೋಡಿ. ಮೊದಲನೆಯದನ್ನು ಹೆಡ್‌ಫೋನ್ ಹಾಕಿಕೊಂಡೇ ನೋಡಿ.