ಅಜ್ಜಿಯ ಗಂಧಕ, ಅಮ್ಮನ ನವೆ

ಕಳೆದ ಜನವರಿಯಲ್ಲಿ ಅಮ್ಮನಿಗೆ ಮೊಣಕಾಲಿನಿಂದ ಕೆಳಗೆ ವಿಪರೀತ ನವೆ ಶುರುವಾಯಿತು. ಬೆಳಿಗ್ಗೆ ಎದ್ದರೆ ಹಾಸಿಗೆ ತುಂಬ ತೌಡಿನಂಥ ಹೊಟ್ಟು. "ನಿಮ್ಮಜ್ಜಿ ಹಚ್ತಿದ್ದ ಗಂಧಕ ತಂದುಕೊಡೋ" ಅಂದಳು. ಗ್ರಂಥಿಗೆ ಅಂಗಡಿಯಿಂದ 50 ಗ್ರಾಂ ತಂದು, ನಾನೇ ಕೊಬ್ಬರಿ ಎಣ್ಣೆಯಲ್ಲಿ ಅರೆದು ಕೊಟ್ಟೆ. ತಪ್ಪು ನನ್ನದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಂಧಕದ ಮೇಲೆ ನಮ್ಮ ಮನೆಯಲ್ಲಿ ಅಷ್ಟು ನಂಬಿಕೆ ಇರುವುದಕ್ಕೆ ಕಾರಣವಿದೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಮನೆಮಂದಿಗೆಲ್ಲ ಕಜ್ಜಿ. ಬೆರಳ ಸಂದು, ಮಣಿಕಟ್ಟು, ಉಡಿದಾರದ ಜಾಗ. ದೀಪ ಆರಿಸಿದ ಮೇಲೆ ತುರಿಕೆ ಇನ್ನೂ ಜೋರು. ಅಜ್ಜಿ ಕಬ್ಬಿಣದ ಸೌಟಿನಲ್ಲಿ ತುಪ್ಪದ ಜೊತೆ ಗಂಧಕ ಕರಗಿಸಿ, ಹಾಲಿನ ಪಾತ್ರೆಯ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಸುರಿದಳು. ಕಸ ಬಟ್ಟೆಯಲ್ಲಿ ಉಳಿಯಿತು, ಹಳದಿ ಹರಳು ಹಾಲಿನ ತಳಕ್ಕಿಳಿಯಿತು. ಅದನ್ನು ತೊಳೆದು ಒಣಗಿಸಿ, ಎಣ್ಣೆಯಲ್ಲಿ ಅರೆದು, ಮನೆಯಲ್ಲಿ ಒಬ್ಬರನ್ನೂ ಬಿಡದೆ ಮೂರು ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಹಚ್ಚಿದಳು. ಹಾಸಿಗೆ ಬಟ್ಟೆಯೆಲ್ಲ ಕುದಿಯುವ ನೀರಿಗೆ. ಮೈಯೆಲ್ಲ ಕೊಳೆತ ಮೊಟ್ಟೆಯ ವಾಸನೆ. ಅಜ್ಜಿಯ ಬೆಳ್ಳಿ ಉಂಗುರ ಮಸಿಯಂತೆ ಕಪ್ಪಾಯಿತು, ಹುಣಸೆಹುಳಿಯಲ್ಲಿ ಎಷ್ಟು ಉಜ್ಜಿದರೂ ಸಂದಿಯ ಕಪ್ಪು ಹೋಗಲಿಲ್ಲ. ಕಜ್ಜಿ ಮಾತ್ರ ಹೋಯಿತು.

ಅಮ್ಮನಿಗೆ ಆದದ್ದೇ ಬೇರೆ. ವಾರ ಕಳೆಯುವುದರೊಳಗೆ ಕಾಲು ಬೇಸಿಗೆಯ ಕೆರೆಯಂಗಳದಂತೆ ಬಿರುಕುಬಿಟ್ಟಿತು. ನೀರು ತಾಗಿದರೆ ಉರಿ. ಚರ್ಮದ ಡಾಕ್ಟರು ಮೊದಲು ಕೇಳಿದ್ದು ಎರಡೇ ಮಾತು: ಬೆರಳ ಸಂದಿಯಲ್ಲಿ ಇದೆಯಾ? ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ? ಎರಡಕ್ಕೂ ಇಲ್ಲ. ಹಾಗಾದರೆ ಇದು ಕಜ್ಜಿಯಲ್ಲ, ಚರ್ಮ ಒಣಗಿ ಬಂದ ನವೆ ಅಂದರು.

ಕಜ್ಜಿಗೆ ಕಾರಣ ಚರ್ಮದೊಳಗೆ ಬಿಲ ಕೊರೆಯುವ ನುಸಿ. ಗಂಧಕ ಅದನ್ನು ಕೊಲ್ಲುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ಕಜ್ಜಿಯಾದರೆ ಇವತ್ತಿಗೂ ವೈದ್ಯರು ಶೇ. 5ರಿಂದ 10ರಷ್ಟು ಗಂಧಕವಿರುವ ಮುಲಾಮು ಬರೆಯುವುದುಂಟು. ಆದರೆ ಅದೇ ಗಂಧಕ ಚರ್ಮದ ಮೇಲ್ಪದರವನ್ನು ಸಡಿಲಿಸಿ ಉದುರಿಸುತ್ತದೆ, ಒಣಗಿಸುತ್ತದೆ. ಮೊಡವೆಗೆ ಒಗ್ಗುವುದು ಈ ಗುಣದಿಂದಲೇ. ವಯಸ್ಸಾದವರ ಚರ್ಮದಲ್ಲಿ ಮೊದಲೇ ಜಿಡ್ಡು ಕಡಿಮೆ, ಒಳಗಿನ ನೀರನ್ನು ತಡೆದಿಡುವ ಬದು ತೆಳು. ಆ ಬದುವನ್ನೇ ನಾನು ಒಡೆದಿದ್ದೆ. ನವೆಗೆಂದು ಹಚ್ಚುವ ಕ್ಯಾಲಮೈನ್ ಲೋಷನ್ನೂ ಇಂಥ ಖನಿಜದ ಮದ್ದೇ, ಸತುವಿನ ಪುಡಿಗೆ ಒಂಚೂರು ಕಬ್ಬಿಣದ ಆಕ್ಸೈಡ್ ಬೆರೆತು ಗುಲಾಬಿ ಬಣ್ಣ. ಹಚ್ಚಿದಾಗ ತಂಪು, ಆರಿದ ಮೇಲೆ ಒಣ ಚರ್ಮ ಇನ್ನೂ ಬಿಗಿಯುತ್ತದೆ.

ಸುಡುನೀರಿನ ಸ್ನಾನ ನಿಂತಿತು, ಕಾಲಿಗೆ ಸೋಪು ನಿಂತಿತು, ಮೈ ಇನ್ನೂ ಹಸಿಯಿರುವಾಗಲೇ ವ್ಯಾಸಲೀನ್. ಕಂಬಳಿಗೆ ಹೆಸರಾದ ಚಳ್ಳಕೆರೆಯವರು ನಾವು, ಕಂಬಳಿ ಬಿಡುವ ಮಾತಿಲ್ಲ. ಉಣ್ಣೆ ಚುಚ್ಚದಿರಲೆಂದು ಅದರ ಕೆಳಗೊಂದು ಹತ್ತಿಯ ದುಪ್ಪಟಿ ಸೇರಿತು. ಬಿರುಕು ಕೂಡಿದ ಮೇಲೆ, ಡಾಕ್ಟರನ್ನು ಕೇಳಿಯೇ, ಆಯುರ್ವೇದದ ಶತಧೌತ ಘೃತ ಮಾಡಿದೆ. ತಾಮ್ರದ ತಟ್ಟೆಯಲ್ಲಿ ತುಪ್ಪಕ್ಕೆ ನೀರು ಹಾಕಿ ಅಂಗೈಯಿಂದ ತಿಕ್ಕುವುದು, ನೀರು ಚೆಲ್ಲುವುದು, ಮತ್ತೆ ಹೊಸ ನೀರು, ಹೀಗೆ 100 ಸಲ. ಲೆಕ್ಕ ತಪ್ಪದಿರಲೆಂದು ಪಕ್ಕದಲ್ಲಿ ಹುಣಸೆಬೀಜ ಇಟ್ಟುಕೊಂಡಿದ್ದೆ. ಮೊದಲು ಹಳದಿ ಹೋಯಿತು, ಆಮೇಲೆ ವಾಸನೆ. ಕೊನೆಗೆ ಉಳಿದದ್ದು ನೀರನ್ನು ಒಳಗೇ ಹಿಡಿದಿಟ್ಟುಕೊಂಡ, ಬೆಣ್ಣೆಗಿಂತ ನುಣುಪಾದ ಬಿಳಿ ಮುದ್ದೆ. ಅಮ್ಮ ಅದನ್ನು ಹಚ್ಚಿಕೊಂಡು ರಾತ್ರಿಯಿಡೀ ನಿದ್ದೆ ಮಾಡತೊಡಗಿದಳು.

ಉಳಿದ ಗಂಧಕ ಡಬ್ಬಿಯಲ್ಲೇ ಇದೆ. ಮೊನ್ನೆ ಪಕ್ಕದ ಮನೆಯಾಕೆ ಮಗುವಿಗೆ ತುರಿಕೆ ಅಂತ ಕೇಳಿಕೊಂಡು ಬಂದಳು. ಅಮ್ಮ ಡಬ್ಬಿ ಮುಟ್ಟಲಿಲ್ಲ. ಮಗುವಿನ ಬೆರಳು ಬಿಡಿಸಿ ಬೆಳಕಿಗೆ ಹಿಡಿದು ತಾಯಿಯನ್ನು ಕೇಳಿದಳು: "ರಾತ್ರಿ ಹೊತ್ತು ನಿನಗೂ ಕೆರಿತೈತೇನವ್ವ?"