ಮಳೆಯಲ್ಲಿ ಸೈಕಲ್ ಹೊಡೆಯಲು ಯಾವ ಜಾಕೆಟ್ ತಗೊಳ್ಳಲಿ?

ನಾನು ಸೈಕಲ್ ಹೊಡೆಯುತ್ತೇನೆ ಎಂದು ಗೊತ್ತಾದವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. ಮಳೆ ಒಳಗೆ ಬರಬಾರದು, ಬೆವರು ಹೊರಗೆ ಹೋಗಬೇಕು, ಅಂಥ ಜಾಕೆಟ್ ಯಾವುದು? ಅವರಿಗೆ ಬೇಕಿರುವುದು ಒಂದು ಬ್ರ್ಯಾಂಡ್ ಹೆಸರು. ನಾನು ತಿರುಗಿ ಕೇಳುವುದು, ನಿಮಗೆ ಎಷ್ಟು ಬೆವರುತ್ತದೆ ಅಂತ.

ಜೋರಾಗಿ ತುಳಿದರೆ ಗಂಟೆಗೆ ಒಂದು ಲೀಟರ್‌ವರೆಗೂ ಬೆವರು ಬರಬಹುದು, ಕೆಲವರಿಗೆ ಇನ್ನೂ ಜಾಸ್ತಿ. ಅಷ್ಟನ್ನೂ ಆವಿಯಾಗಿ ಹೊರಗೆ ಬಿಡುವ ವಾಟರ್‌ಪ್ರೂಫ್ ಬಟ್ಟೆ ಇನ್ನೂ ಬಂದಿಲ್ಲ. ಹಾಗಾಗಿ ಒಂದು ಗಂಟೆ ಮಳೆಯಲ್ಲಿ ಬೆವರಿಳಿಯುವಂತೆ ತುಳಿದು ಒಣ ಅಂಗಿಯಲ್ಲಿ ಇಳಿಯಬೇಕು ಅನ್ನುವ ಆಸೆಯನ್ನು ಮೊದಲು ಬಿಡಿ. ಎಷ್ಟು ಬೇಗ ಒದ್ದೆಯಾಗುತ್ತೀರಿ, ಒದ್ದೆಯಾದ ಮೇಲೆ ಚಳಿ ಹಿಡಿಯುತ್ತದೆಯೇ, ಇಷ್ಟು ಮಾತ್ರ ನಿಮ್ಮ ಕೈಯಲ್ಲಿದೆ.

ಇಂಥ ಜಾಕೆಟ್‌ಗಳನ್ನು 'ಬ್ರೀದಬಲ್', ಅಂದರೆ ಬೆವರಿನ ಆವಿಯನ್ನು ಹೊರಬಿಡುವಂಥವು, ಅಂತ ಮಾರುತ್ತಾರಲ್ಲ, ಆ ಮಾತಿನ ಹಿಂದೆ ಇರುವುದು ಒಂದು ತೆಳು ಪೊರೆ. 1969ರಲ್ಲಿ ಬಾಬ್ ಗೋರ್ ಅನ್ನುವವರು ಬಿಸಿ ಮಾಡಿದ ಪಿಟಿಎಫ್‌ಇ ಸರಳನ್ನು, ಅಂದರೆ ನಾನ್‌ಸ್ಟಿಕ್ ಪಾತ್ರೆಗೆ ಬಳಿಯುವ ಅದೇ ವಸ್ತುವನ್ನು, ಮೆಲ್ಲಗೆ ಎಳೆದು ಎಳೆದು ಬೇಸತ್ತು ಒಮ್ಮೆಲೇ ಜಗ್ಗಿದರು. ಅದು ತುಂಡಾಗಲಿಲ್ಲ. ಹಿಗ್ಗಿತು, ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಾದವು. ಗೋರ್‌ಟೆಕ್ಸ್ ಅನ್ನುವ ಹೆಸರಾಂತ ಮಳೆಜಾಕೆಟ್ ಬಟ್ಟೆ ಬಂದದ್ದು ಅಲ್ಲಿಂದ. ಆ ರಂಧ್ರದಲ್ಲಿ ನೀರಿನ ಹನಿ ತೂರುವುದಿಲ್ಲ, ಆವಿ ಆರಾಮಾಗಿ ದಾಟುತ್ತದೆ. ಪಾಲಿಯುರೆಥೇನ್ ಅನ್ನುವ ಇನ್ನೊಂದು ಪ್ಲಾಸ್ಟಿಕ್‌ನ ಪೊರೆಗಳೂ ಇವೆ. ಅವುಗಳಲ್ಲಿ ಎಷ್ಟೋ ಪೊರೆಗಳಿಗೆ ರಂಧ್ರವೇ ಇರುವುದಿಲ್ಲ, ಪೊರೆಯೇ ಒಳಗಿನ ತೇವ ಹೀರಿ ಹೊರಮೈಗೆ ದಾಟಿಸುತ್ತದೆ.

ಎರಡೂ ಕೆಲಸ ಮಾಡಲು ಒಂದು ಷರತ್ತಿದೆ, ಜಾಹೀರಾತಿನಲ್ಲಿ ಅದು ಕಾಣುವುದಿಲ್ಲ. ಜಾಕೆಟ್ ಒಳಗೆ ಆವಿ ಜಾಸ್ತಿ ಇರಬೇಕು, ಹೊರಗೆ ಕಡಿಮೆ ಇರಬೇಕು. ತಣ್ಣನೆಯ ಗಾಳಿಯಲ್ಲಿ ಆವಿ ಹೇಗೂ ಕಡಿಮೆ, ಅಲ್ಲಿ ಪೊರೆಗೆ ಕೆಲಸ ಸಲೀಸು. ಸೆಕೆಯ ಮಳೆಯಲ್ಲಿ ಹೊರಗಿನ ಗಾಳಿಯೇ ಆವಿಯಿಂದ ತುಂಬಿರುತ್ತದೆ. ಆಗ ನಿಮ್ಮ ಬೆವರಿನ ಆವಿ ಹೋಗುವುದಾದರೂ ಎಲ್ಲಿಗೆ? ದುಡ್ಡು ಸುರಿದು ತಂದ ಜಾಕೆಟ್ಟೂ ಆವತ್ತು ಸುಮ್ನೆ ಮೈಮೇಲೆ ಇರುತ್ತದೆ ಅಷ್ಟೇ.

ಲೇಬಲ್ ಮೇಲೆ 10,000/10,000 ಅಂತೇನೋ ಬರೆದಿರುತ್ತಾರಲ್ಲ, ಮೊದಲನೆಯದು ಮಿಲಿಮೀಟರ್ ಲೆಕ್ಕ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಭಾರ ಬಿದ್ದರೂ ಸೋರುವುದಿಲ್ಲ ಎಂದರ್ಥ. ಸೈಕಲ್‌ಗೆ 10,000 ಧಾರಾಳವಾಯಿತು. ಬೆನ್ನಿಗೆ ಭಾರದ ಬ್ಯಾಗ್ ಹಾಕುವವರು, ಪಟ್ಟಿ ಒತ್ತುವ ಹೆಗಲಿನ ಸಲುವಾಗಿ, ಇನ್ನೂ ಹೆಚ್ಚಿನದನ್ನು ನೋಡಬಹುದು. ಎರಡನೆಯದು ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ದಾಟಿತು ಅನ್ನುವುದು. ಇದನ್ನು ಅಳೆಯಲು ಹಲವು ವಿಧಾನಗಳಿವೆ. ಒಂದೇ ಬಟ್ಟೆಗೆ ಒಂದೊಂದು ವಿಧಾನದಲ್ಲಿ ಒಂದೊಂದು ಉತ್ತರ ಬರುತ್ತದೆ. ಆದ್ದರಿಂದ ಎರಡು ಕಂಪನಿಗಳ ಸಂಖ್ಯೆ ಪಕ್ಕಪಕ್ಕ ಇಟ್ಟು ತಲೆ ಕೆಡಿಸಿಕೊಳ್ಳಬೇಡಿ. ಎಲ್ಲಾದರೂ ಆರ್‌ಇಟಿ (RET) ಅಂತ, ಅಂದರೆ ಆವಿ ದಾಟದಂತೆ ಬಟ್ಟೆ ಎಷ್ಟು ತಡೆಯುತ್ತದೆ ಅನ್ನುವ ಲೆಕ್ಕ, ಕೊಟ್ಟಿದ್ದರೆ ಅದು ಉಲ್ಟಾ: ಕಡಿಮೆ ಇದ್ದಷ್ಟೂ ಒಳ್ಳೆಯದು. 6ರ ಒಳಗಿದ್ದರೆ ಬಹಳ ಚೆನ್ನ, 20 ದಾಟಿದರೆ ಪ್ಲಾಸ್ಟಿಕ್ ಚೀಲದೊಳಗೆ ಕೂತ ಹಾಗೆ.

ನಾನಂತೂ ಸಂಖ್ಯೆಗಿಂತ ಮೊದಲು ಜಿಪ್ ನೋಡುತ್ತೇನೆ. ಕಂಕುಳಲ್ಲಿ ಜಿಪ್ ಇದೆಯಾ? ಬೆನ್ನ ಮೇಲೆ ಗಾಳಿ ಹೋಗಲು ಸೀಳು ಬಿಟ್ಟಿದ್ದಾರಾ? ಮುಂದಿನ ಜಿಪ್ಪನ್ನು ಕೆಳಗಿನಿಂದಲೂ ತೆರೆಯಬಹುದಾ? ಏರಿನಲ್ಲಿ ಇವನ್ನೆಲ್ಲ ತೆರೆದು, ಇಳಿಜಾರಿನಲ್ಲಿ ಮುಚ್ಚಿಕೊಂಡರೆ ಸಿಗುವ ಆರಾಮ ಯಾವ ಪೊರೆಯಿಂದಲೂ ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ನಿಜವಾದ ಗಾಳಿ ಆಡುತ್ತದೆ. ಆಮೇಲೆ ಒಳಗಡೆ ಹೊಲಿಗೆಯ ಮೇಲೆ ಟೇಪ್ ಅಂಟಿಸಿದ್ದಾರೋ ಇಲ್ಲವೋ ನೋಡಿ. ಇಲ್ಲದಿದ್ದರೆ ಸೂಜಿ ತೂತಿನಿಂದಲೇ ನೀರು ಬರುತ್ತದೆ.

ಹಾಕಿ ನೋಡುವಾಗ ಕನ್ನಡಿ ಮುಂದೆ ನೆಟ್ಟಗೆ ನಿಲ್ಲಬೇಡಿ. ಹ್ಯಾಂಡಲ್ ಹಿಡಿದವರ ಹಾಗೆ ಮುಂದೆ ಬಾಗಿ, ಕೈ ಚಾಚಿ. ಚಾರಣದ ಜಾಕೆಟ್ ಆಗ ಹೊಟ್ಟೆಯ ಹತ್ತಿರ ಮುದುಡುತ್ತದೆ, ಸೊಂಟ ಬಯಲಾಗುತ್ತದೆ, ತೋಳು ಮಣಿಕಟ್ಟಿನಿಂದ ಮೇಲೆ ಸರಿಯುತ್ತದೆ. ಸೈಕಲ್ ಜಾಕೆಟ್‌ಗೆ ಹಿಂಬದಿ ಉದ್ದ ಇರುತ್ತದೆ, ತೋಳೂ ಉದ್ದ. ಟೋಪಿ ಇದ್ದರೆ ಹಿಂದೆ ತಿರುಗಿ ನೋಡುವಾಗ ಕಣ್ಣಿಗೆ ಅಡ್ಡ ಬರುತ್ತದಾ ಅಂತ ಪರೀಕ್ಷಿಸಿ. ನನಗೆ ಟೋಪಿಗಿಂತ ಹೆಲ್ಮೆಟ್ ಕೆಳಗೆ ಅಂಚಿರುವ ಒಂದು ಕ್ಯಾಪ್ ಇಷ್ಟ.

"ಒಂದೇ ವರ್ಷಕ್ಕೆ ಸೋರಲು ಶುರುವಾಯಿತು" ಅನ್ನುವ ದೂರೂ ಜೊತೆಗೇ ಬರುತ್ತದೆ. ಬಹಳ ಸಲ ಅದು ಸೋರುತ್ತಿರುವುದಿಲ್ಲ. ಹೊರಬಟ್ಟೆಯ ಮೇಲೆ ಹನಿ ಉರುಳಿ ಹೋಗಲಿ ಅಂತ ಒಂದು ಲೇಪನ ಇರುತ್ತದೆ, ಕೊಳೆ ಮತ್ತು ಉಜ್ಜಾಟಕ್ಕೆ ಅದು ಸವೆಯುತ್ತದೆ. ಆಗ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಆವಿಯ ದಾರಿ ಮುಚ್ಚುತ್ತದೆ, ನಿಮ್ಮ ಬೆವರೇ ನಿಮಗೆ ಮಳೆ ಅನ್ನಿಸುತ್ತದೆ. ತೊಳೆಯಿರಿ. ಫ್ಯಾಬ್ರಿಕ್ ಸಾಫ್ಟ್‌ನರ್ ಮಾತ್ರ ಬೇಡ. ಲೇಬಲ್ ಒಪ್ಪಿದರೆ ಡ್ರೈಯರ್‌ನಲ್ಲಿ ಸ್ವಲ್ಪ ಬಿಸಿ ಕೊಡಿ, ಲೇಪನ ಮತ್ತೆ ಚುರುಕಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಹೊಸದಾಗಿ ಹಚ್ಚುವ ಸ್ಪ್ರೇ ಸಿಗುತ್ತದೆ.

ಸರಿ, ಕೊನೆಗೆ ಯಾವುದು ತಗೊಳ್ಳಬೇಕು? ಚಳಿಮಳೆಯಲ್ಲಿ ಗಂಟೆಗಟ್ಟಲೆ ಹೋಗುವವರು ಮೂರು ಪದರದ, ಅಂದರೆ ಹೊರಬಟ್ಟೆ, ಪೊರೆ, ಒಳಬಟ್ಟೆ ಮೂರನ್ನೂ ಒಂದಾಗಿ ಅಂಟಿಸಿದ, ಒಳ್ಳೆಯ ಜಾಕೆಟ್‌ಗೆ ದುಡ್ಡು ಹಾಕಿ, ಅಲ್ಲಿ ಅದು ಗಾಳಿ ತಡೆಯುವುದೇ ದೊಡ್ಡ ಉಪಕಾರ. ನಿಧಾನವಾಗಿ ಹತ್ತಿರದ ಕೆಲಸಕ್ಕೆ ಹೋಗುವವರಿಗೆ ಹೆಗಲಿನಿಂದ ಇಳಿಬಿಡುವ, ಕೆಳಗಿನಿಂದ ಗಾಳಿ ಆಡುವ ಕೇಪ್ ಸಾಕು, ಗಾಳಿ ಜೋರಿದ್ದರೆ ಅದು ಹಾಯಿಯಂತೆ ಉಬ್ಬುತ್ತದೆ ಅನ್ನುವುದೊಂದು ತೊಂದರೆ. ಸೆಕೆಯಲ್ಲಿ ವೇಗವಾಗಿ ತುಳಿಯುವವರು ಬೇಗ ಒಣಗುವ ತೆಳು ಅಂಗಿಯಲ್ಲಿ ನೆನೆದುಕೊಂಡೇ ಹೋಗಲಿ, ನಿಂತಾಗ ಹಾಕಿಕೊಳ್ಳಲು ಜೇಬಿನಲ್ಲಿ ಹಗುರ ಜಾಕೆಟ್ ಇರಲಿ.

ಮೂವರಿಗೂ ಮಡ್‌ಗಾರ್ಡ್ ಬೇಕು. ರಸ್ತೆಯಿಂದ ಚಿಮ್ಮಿ ಬೆನ್ನಿಗೆ ಹೊಡೆಯುವ ರಾಡಿಗೆ ಯಾವ ಜಾಕೆಟ್ಟೂ ಉತ್ತರವಲ್ಲ. ಇನ್ನು ರೇನ್ ಪ್ಯಾಂಟ್ ಬಗ್ಗೆಯೂ ಕೇಳುತ್ತೀರಿ, ಅಲ್ವಾ? ತೀರಾ ಚಳಿ ಇಲ್ಲದಿದ್ದರೆ ನಾನು ಹಾಕುವುದಿಲ್ಲ. ಕಾಲು ತುಳಿಯುತ್ತಲೇ ಇರುತ್ತದೆ, ಬೆಚ್ಚಗಿರುತ್ತದೆ, ಮಳೆ ನಿಂತ ಮೇಲೆ ತಾನೇ ಒಣಗುತ್ತದೆ.